ನ್ಯೂಜೆರ್ಸಿಯ ವಿಮಾ ಏಜೆಂಟ್ ಲೈಸೆನ್ಸ್ ಇದ್ದವರು ಟೆಕ್ಸಸ್‌ಗೆ ಹೋದರೆ ಮತ್ತೆ ಪರೀಕ್ಷೆ ಬೇಕಾ?

ಸರ್, ಲೈಫ್ ಮತ್ತು ಹೆಲ್ತ್ ಲೈಸೆನ್ಸ್ ಚಾಲ್ತಿಯಲ್ಲಿದೆ, ಮುಂದಿನ ತಿಂಗಳು ಡಲ್ಲಾಸ್‌ಗೆ ಹೋಗ್ತೀನಿ ಅಂದಿದ್ದೀರಿ. ಹಾಗಿದ್ದರೆ ಪರೀಕ್ಷೆ ಬೇಡ, ಆದರೆ ಅಲ್ಲಿ ಮನೆ ಮಾಡಿದ 90 ದಿನದೊಳಗೆ ಟೆಕ್ಸಸ್ ರೆಸಿಡೆಂಟ್ ಲೈಸೆನ್ಸ್‌ಗೆ (ಆ ರಾಜ್ಯದಲ್ಲೇ ವಾಸ ಇರೋ ಏಜೆಂಟರಿಗೆ ಕೊಡೋದು) ಅರ್ಜಿ ಹಾಕಿಬಿಡಿ. ಸಾಮಾನು ಬಿಚ್ಚೋ ಗಡಿಬಿಡಿಯಲ್ಲಿ ಈ ಗಡುವು ತಪ್ಪಿಸಿಕೊಂಡರೆ ಮತ್ತೆ ಪರೀಕ್ಷಾ ಕೇಂದ್ರದಲ್ಲಿ ಕೂರಬೇಕಾಗುತ್ತೆ. ಅರ್ಜಿಯನ್ನು ವಿಮಾ ಏಜೆಂಟರ ಲೈಸೆನ್ಸ್‌ಗೆ ಅಂತಲೇ ಇರೋ ಎನ್‌ಐಪಿಆರ್ ಪೋರ್ಟಲ್‌ನಲ್ಲೇ ಹಾಕಬಹುದು.

ಇಡೀ ದೇಶಕ್ಕೆ ಒಂದೇ ಲೈಸೆನ್ಸ್ ಯಾಕಿಲ್ಲ ಅಂತ ಕೇಳಿದ್ರಿ. 1945ರ ಮೆಕ್ಯಾರನ್-ಫರ್ಗುಸನ್ ಕಾಯ್ದೆ ವಿಮೆಯ ಉಸ್ತುವಾರಿಯನ್ನು ರಾಜ್ಯಗಳ ಕೈಗೇ ಬಿಟ್ಟಿದೆ. ನಮ್ಮ ಭಾರತದಲ್ಲಿ ವಿಮೆಯ ಉಸ್ತುವಾರಿಗೆ ಐಆರ್‌ಡಿಎಐ ಒಂದೇ ಸಾಕು. ಇಲ್ಲಿ ರಾಜ್ಯಕ್ಕೊಂದು ಇಲಾಖೆ.

ನನಗೆ ಮುಖ್ಯ ಅನ್ನಿಸೋದು ನಿಮ್ಮ ಹಳೇ ಗ್ರಾಹಕರ ವಿಷಯ. ನ್ಯೂಜೆರ್ಸಿಯ ಎಡಿಸನ್‌ನಲ್ಲಿರೋ ಕನ್ನಡದವರಿಗೆ ಫೋನ್‌ನಲ್ಲೇ ಹೊಸ ಪಾಲಿಸಿ ಮಾರಬೇಕಂದ್ರೂ ನ್ಯೂಜೆರ್ಸಿ ಲೈಸೆನ್ಸ್ ಬೇಕು, ಯಾಕೆಂದರೆ ಲೆಕ್ಕಕ್ಕೆ ಬರೋದು ಗ್ರಾಹಕ ಎಲ್ಲಿದ್ದಾನೆ ಅನ್ನೋದು. ಹಾಗಾಗಿ ಟೆಕ್ಸಸ್ ಲೈಸೆನ್ಸ್ ಬಂದಮೇಲೆ ನ್ಯೂಜೆರ್ಸಿಯದನ್ನು ನಾನ್-ರೆಸಿಡೆಂಟ್ (ಹೊರರಾಜ್ಯದಲ್ಲಿರೋ ಏಜೆಂಟರ) ಲೈಸೆನ್ಸ್ ಆಗಿ ಬದಲಿಸಿಕೊಳ್ಳಿ, ಅದಕ್ಕೂ ಪರೀಕ್ಷೆ ಇಲ್ಲ. ಹಿಂದೆ ಮಾರಿದ ಪಾಲಿಸಿಗಳ ರಿನ್ಯೂವಲ್ ಕಮಿಷನ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಮಾರಿದಾಗ ಲೈಸೆನ್ಸ್ ಇತ್ತಲ್ಲ, ಕಾನೂನಿನ ತಕರಾರಿಲ್ಲ. ಕಂಪನಿ ಜತೆಗಿನ ಒಪ್ಪಂದ ಮಾತ್ರ ಒಮ್ಮೆ ಓದಿ ನೋಡಿ.

ಟೆಕ್ಸಸ್‌ನಲ್ಲಿ 2 ವರ್ಷಕ್ಕೊಮ್ಮೆ 24 ಗಂಟೆ ಮುಂದುವರಿಕೆ ಶಿಕ್ಷಣ ಮುಗಿಸಬೇಕು. ವೇರಿಯಬಲ್ ಆನ್ಯುಯಿಟಿ (ಹೂಡಿಕೆಯ ಏರಿಳಿತದ ಮೇಲೆ ಮೊತ್ತ ಬದಲಾಗೋ ಪಿಂಚಣಿಯಂಥ ಯೋಜನೆ) ಮಾರೋ ಯೋಚನೆ ಇದ್ದರೆ, ಷೇರು-ಹೂಡಿಕೆ ದಲ್ಲಾಳಿಗಳ ಮೇಲೆ ಕಣ್ಣಿಡೋ ಫಿನ್ರಾ ಸಂಸ್ಥೆಯ ನೋಂದಣಿ ಬೇರೆಯೇ ಬೇಕು.