ಮೀಟರ್ ಬದಲಿಸುವ ಮೊದಲು ಕಿಲೋಮೀಟರ್ ಕಲ್ಲು ನೋಡಿ

ಪ್ರಶ್ನೆ: ನನ್ನದು 2004ರ ಪಿಕಪ್, ಕೇಬಲ್ ಮೀಟರ್. ಕೋಲಾರದ ಎಪಿಎಂಸಿಗೆ ಟೊಮೆಟೊ ಹೊಡೆಯುತ್ತೇನೆ. ಮೀಟರ್ 60 ತೋರಿಸುವಾಗ ಮಗನ ಫೋನಿನ ಜಿಪಿಎಸ್‌ನಲ್ಲಿ 66 ಇರುತ್ತದೆ. 20ರಿಂದ 40ರವರೆಗೆ ಮುಳ್ಳು ನಡುಗುತ್ತದೆ. ಹೋದ ವರ್ಷ 215/75 ಆರ್15 ಟೈರ್ ತೆಗೆದು 235/75 ಆರ್15 ಹಾಕಿಸಿದೆ. ಆಮೇಲೆ ಮೈಲೇಜ್ 12ರಿಂದ 11.5ಕ್ಕೆ ಇಳಿದಿದೆ. ಗ್ಯಾರೇಜ್‌ನವರು ಮೀಟರೇ ಬದಲಿಸಿ ಅನ್ನುತ್ತಾರೆ. ಏನು ಮಾಡಲಿ?
– ಓದುಗರು, ಚಿಂತಾಮಣಿ

ಉತ್ತರ: ಈಗಲೇ ಮೀಟರ್‌ಗೆ ದುಡ್ಡು ಹಾಕಬೇಡಿ. ನಿಮ್ಮ ಗಾಡಿಯಲ್ಲಿ ಇರುವುದು ಒಂದೇ ತೊಂದರೆ ಅಲ್ಲ, ಮೂರು ಇರಬಹುದು ಅನ್ನಿಸುತ್ತದೆ.

ಮೊದಲು ಟೈರ್. ಹಳೇ ಟೈರಿನ ಎತ್ತರ ಸುಮಾರು 703 ಮಿ.ಮೀ., ಹೊಸದು 733. ಅಂದರೆ ಚಕ್ರ ಒಂದು ಸುತ್ತು ಸುತ್ತಿದರೆ ಗಾಡಿ ಶೇ. 4ರಷ್ಟು ಜಾಸ್ತಿ ಮುಂದೆ ಹೋಗುತ್ತದೆ, ಆದರೆ ಮೀಟರ್ ಹಳೇ ಲೆಕ್ಕವನ್ನೇ ಹಿಡಿದುಕೊಂಡಿರುತ್ತದೆ. ಮೈಲೇಜ್ ಇಳಿದ ಹಾಗೆ ಕಾಣುವುದೂ ಇದರಿಂದಲೇ. ಓಡಿದ ಕಿಲೋಮೀಟರ್ ಕಡಿಮೆ ಬೀಳುತ್ತಿದೆ ಅಷ್ಟೆ, ಡೀಸೆಲ್ ಹೆಚ್ಚು ಕುಡಿಯುತ್ತಿಲ್ಲ. ಆದರೆ ಬರೀ ಟೈರಿನ ವ್ಯತ್ಯಾಸವಾದರೆ 60ಕ್ಕೆ 62.5 ಇರಬೇಕು, ಅಲ್ವಾ? ನಿಮಗೆ 66 ಬರುತ್ತಿದೆ. ಉಳಿದ ಮೂರು ಚಿಲ್ಲರೆ ಎಲ್ಲಿ ಹೋಯಿತು ಅನ್ನುವುದನ್ನು ಹುಡುಕಬೇಕು.

ಅದಕ್ಕೆ ಮೀಟರ್ ಒಳಗೆ ಏನು ನಡೆಯುತ್ತದೆ ಅಂತ ತಿಳಿದಿರಬೇಕು. ಗೇರ್ ಬಾಕ್ಸ್‌ನಿಂದ ಬರುವ ಒಂದೇ ಕೇಬಲ್ ಎರಡು ಕೆಲಸ ಮಾಡುತ್ತದೆ. ಕಿಲೋಮೀಟರ್ ಅಂಕಿಗಳನ್ನು ಹಲ್ಲಿನ ಚಕ್ರಗಳ ಮೂಲಕ ನೇರವಾಗಿ ತಿರುಗಿಸುತ್ತದೆ. ಮುಳ್ಳಿಗೆ ಮಾತ್ರ ನೇರ ಸಂಬಂಧ ಇಲ್ಲ: ಕೇಬಲ್ ಒಂದು ಆಯಸ್ಕಾಂತವನ್ನು ತಿರುಗಿಸುತ್ತದೆ, ಅದು ಮುಟ್ಟದೆಯೇ ಅಲ್ಯೂಮಿನಿಯಂ ಬಟ್ಟಲೊಂದನ್ನು ಎಳೆಯುತ್ತದೆ, ಕೂದಲಿನಷ್ಟು ಸಣ್ಣ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಹಿಡಿಯುತ್ತದೆ. ವರ್ಷ ಕಳೆದ ಹಾಗೆ ಆಯಸ್ಕಾಂತದ ಬಲ ಕುಂದಿದರೆ ಮುಳ್ಳು ಕಡಿಮೆ ತೋರಿಸುತ್ತದೆ, ಅಂಕಿಗಳಿಗೆ ಏನೂ ಆಗುವುದಿಲ್ಲ.

ಹಾಗಾಗಿ ಮುಳ್ಳು ಬಿಡಿ, ಅಂಕಿ ನೋಡಿ. ರಸ್ತೆ ಬದಿಯ ಕಿಲೋಮೀಟರ್ ಕಲ್ಲುಗಳನ್ನು ಹಿಡಿದು 10 ಕಿ.ಮೀ. ಓಡಿಸಿ. ಒಂದೇ ಕಿಲೋಮೀಟರ್ ಸಾಲದು, ರಸ್ತೆ ಅಗಲ ಮಾಡುವಾಗ ಕೆಲವು ಕಲ್ಲು ಜಾಗ ಬದಲಿಸಿರುತ್ತವೆ. ಮೀಟರ್‌ನಲ್ಲಿ 9.6 ಬಿದ್ದರೆ ಅಲ್ಲಿ ಟೈರಿನ ವ್ಯತ್ಯಾಸ ಬಿಟ್ಟು ಬೇರೇನೂ ಇಲ್ಲ, ಉಳಿದ ತಪ್ಪು ಮುಳ್ಳಿನ ಕಡೆಯದು. ಮೀಟರ್ ರಿಪೇರಿ ಮಾಡುವವರು ಅದನ್ನು ಬಿಚ್ಚಿ ಸರಿಮಾಡುತ್ತಾರೆ, ಹೊಸದು ಬೇಕಿಲ್ಲ. 9.1ರ ಹತ್ತಿರ ಬಿದ್ದರೆ ಗೇರ್ ಬಾಕ್ಸ್ ಕಡೆ ಇರುವ ಮೀಟರ್ ಪಿನಿಯನ್, ಅಂದರೆ ಕೇಬಲ್ ತಿರುಗಿಸುವ ಸಣ್ಣ ಹಲ್ಲಿನ ಚಕ್ರ, ತೆಗೆಸಿ ಹಲ್ಲು ಎಣಿಸಿ. ಯಾರೋ ಹಿಂದೆ ಬೇರೆ ಗಾಡಿಯದ್ದು ಹಾಕಿರಬಹುದು. ಅಂಥ ಗಾಡಿಗೆ ಹೊಸ ಮೀಟರ್ ಹಾಕಿದರೂ ಅದೇ ತಪ್ಪು ಬರುತ್ತದೆ.

ಮುಳ್ಳು ನಡುಗುವುದು ಹೆಚ್ಚಾಗಿ ಒಣಗಿದ ಇಲ್ಲವೇ ಬಾಗಿದ ಕೇಬಲ್‌ನಿಂದ. ಮೀಟರ್ ಹಿಂದಿನ ನಟ್ ಬಿಚ್ಚಿ ಒಳಗಿನ ತಂತಿ ಎಳೆಯಿರಿ. ಕಾಗದದಿಂದ ಒರೆಸಿ ಸಿಮೆಂಟ್ ನೆಲದ ಮೇಲೆ ಅಂಗೈಯಲ್ಲಿ ಉರುಳಿಸಿ. ನೆಟ್ಟಗಿದ್ದರೆ ಸಲೀಸಾಗಿ ಉರುಳುತ್ತದೆ, ಬಾಗಿದ್ದರೆ ಒಂದು ಕಡೆ ಎಗರಿ ಎಗರಿ ಬೀಳುತ್ತದೆ. ಎಗರಿದರೆ ಕೇಬಲ್ ಬದಲಿಸಿ. ಇಲ್ಲದಿದ್ದರೆ ತೆಳ್ಳಗೆ ಗ್ರೀಸು ಸವರಿ ಹಾಕಿ. ಮೀಟರ್ ಕಡೆಯ ನಾಲ್ಕು ಬೆರಳಷ್ಟು ಜಾಗಕ್ಕೆ ಮಾತ್ರ ಸವರಬೇಡಿ, ಗ್ರೀಸು ಒಳಗೆ ಏರಿದರೆ ಚೆನ್ನಾಗಿರುವ ಮೀಟರೂ ಹಾಳಾಗುತ್ತದೆ. ತಂತಿಯಲ್ಲಿ ಗೇರ್ ಎಣ್ಣೆ ಕಂಡರೆ ಪಿನಿಯನ್‌ನ ಸೀಲ್ ಹೋಗಿದೆ ಅಂತ.

ಇದೆಲ್ಲ ಆಗುವವರೆಗೆ ನನಗೆ ಚಿಂತೆ ಇರುವುದು ನಿಮ್ಮ ಲೋಡ್ ಬಗ್ಗೆ. ಟೊಮೆಟೊ ಕ್ರೇಟ್ ತುಂಬಿದ ಗಾಡಿ ನೀವು ಅಂದುಕೊಂಡಿದ್ದಕ್ಕಿಂತ ಜೋರಾಗಿ ಓಡುತ್ತಿದೆ, ಬ್ರೇಕ್ ಹಿಡಿಯುವಾಗ ಅದು ಗೊತ್ತಾಗುತ್ತದೆ. ಇವತ್ತೇ ಮೀಟರ್ ಗಾಜಿನ ಮೇಲೆ 54ರ ಹತ್ತಿರ ಒಂದು ಚೂರು ಕೆಂಪು ಟೇಪ್ ಅಂಟಿಸಿ. ಸದ್ಯಕ್ಕೆ ಅದೇ ನಿಮ್ಮ 60.