ಕಥೆಯ ಹುಡುಗಿಗಾಗಿ ಗೆಳತಿ ಮಾತು ಬಿಟ್ಟಳು

ಪ್ರಶ್ನೆ: ಅಕ್ಕಾ, ನನಗೆ 22 ವರ್ಷ. ಪುತ್ತೂರಿನ ಕಡೆಯವಳು, ಈಗ ಮಂಗಳೂರಿನಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಪಿಯುಸಿಯಲ್ಲಿದ್ದಾಗ ನಾನೂ ನನ್ನ ಗೆಳತಿಯೂ ವೆರೋನಿಕಾ ರಾತ್ ಅವರ ‘ಡೈವರ್ಜೆಂಟ್’ ಸರಣಿಯ ಮೂರೂ ಪುಸ್ತಕಗಳನ್ನು ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಂಡು ಓದಿದ್ದೆವು. ಕೊನೆಯ ಪುಸ್ತಕದಲ್ಲಿ ನಾಯಕಿ ಟ್ರಿಸ್ ಸಾಯುತ್ತಾಳೆ. ಅದು ಸರಿ ಅಂತ ನಾನು, ಅನ್ಯಾಯ ಅಂತ ಅವಳು. ವರ್ಷಗಳಿಂದ ಇದೇ ವಾದ, ನಗುನಗುತ್ತಲೇ ನಡೆದಿತ್ತು. ಕಳೆದ ತಿಂಗಳು ಇನ್ನೊಬ್ಬ ಗೆಳತಿಯ ಮೆಹಂದಿ ದಿನ ಎಲ್ಲರೂ ಕೂತಿದ್ದಾಗ ಇವಳು, “ಟ್ರಿಸ್ ಬದಲು ಅವಳ ಅಣ್ಣ ಕೇಲಬ್ ಸಾಯಬೇಕಿತ್ತು” ಅಂದಳು. ನಾನು, “ನಿನ್ನ ಅಣ್ಣನ ಮೇಲಿನ ಸಿಟ್ಟನ್ನ ಕೇಲಬ್ ಮೇಲೆ ಯಾಕೆ ತೀರಿಸ್ತೀಯ?” ಅಂದುಬಿಟ್ಟೆ. ಅವಳ ಅಣ್ಣ ಮನೆಗೆ ದುಡ್ಡು ಕಳಿಸುವುದಿಲ್ಲ, ಫೋನೂ ಮಾಡುವುದಿಲ್ಲ. ಅಪ್ಪನಿಗೆ ಸ್ಟ್ರೋಕ್ ಆದ ಮೇಲೆ ಇವಳೇ ಎಂಎಸ್ಸಿ ಸೀಟು ಬಿಟ್ಟು ಊರಲ್ಲಿ ಕೆಲಸ ಹಿಡಿದಳು. ಇದನ್ನೆಲ್ಲ ನನಗೆ ಮಾತ್ರ ಹೇಳಿಕೊಂಡಿದ್ದಳು. ಅಂದಿನಿಂದ ಮಾತಿಲ್ಲ. ಮೆಸೇಜ್ ನೋಡುತ್ತಾಳೆ, ಉತ್ತರ ಬರುವುದಿಲ್ಲ. ಟ್ರಿಸ್ ಯಾಕೆ ಸತ್ತಳು ಅಂತ ರಾತ್ ಅವರೇ ಬರೆದ ವಿವರಣೆ ಇದೆ, ಅದನ್ನು ಕಳಿಸಿದರೆ ಅವಳಿಗೆ ಅರ್ಥವಾದೀತೇ? ನಾನು ಹೇಳಿದ್ದು ನಿಜವೇ ಅಲ್ವಾ?
— ಹೆಸರು ಬೇಡ

ಉತ್ತರ: ಆ ವಿವರಣೆಯನ್ನು ಮಾತ್ರ ಕಳಿಸಬೇಡಿ. 2013ರ ಅಕ್ಟೋಬರಿನಲ್ಲಿ ಕೊನೆಯ ಪುಸ್ತಕ ‘ಅಲೀಜಿಯಂಟ್’ ಹೊರಬಂತು. ಓದುಗರ ಸಿಟ್ಟು ಎಷ್ಟಿತ್ತೆಂದರೆ, ಅದೇ ತಿಂಗಳು ರಾತ್ ಕೂತು ಈ ಮುಕ್ತಾಯ ಯಾಕೆ ಅಂತ ಬರೆದರು. ಅದನ್ನು ಓದಿಯೂ ಒಪ್ಪದವರು ಇವತ್ತಿಗೂ ಬೇಕಾದಷ್ಟು ಮಂದಿ ಇದ್ದಾರೆ. ಬರೆದವರೇ ಹೇಳಿದರೂ ಇಳಿಯದ ಸಿಟ್ಟು ನೀವು ಫಾರ್ವರ್ಡ್ ಮಾಡಿದ ಮಾತ್ರಕ್ಕೆ ಇಳಿಯುತ್ತದೆಯೇ? ಅಷ್ಟಕ್ಕೂ ಗೆಳತಿ ಮಾತು ಬಿಟ್ಟದ್ದು ಟ್ರಿಸ್‌ಗಾಗಿ ಅಲ್ಲ. ಅದು ನಿಮಗೂ ಗೊತ್ತು. ಗೊತ್ತಿರುವುದರಿಂದಲೇ ಅಣ್ಣನ ಸಂಗತಿಯನ್ನು ನನಗೆ ಬಿಡಿಸಿ ಬರೆದಿದ್ದೀರಿ.

ಸರಣಿ ಓದದವರಿಗೆ ಕಥೆ ಇಷ್ಟು. ಮುಂದೊಂದು ಕಾಲದ ಷಿಕಾಗೊ. ಜನ ಐದು ಬಣಗಳಾಗಿ ಬದುಕುತ್ತಾರೆ, ಹದಿನಾರನೇ ವಯಸ್ಸಿಗೆ ಎಲ್ಲರೂ ತಮ್ಮ ಬಣ ಆರಿಸಿಕೊಳ್ಳಬೇಕು. ತನಗಿಂತ ಪರರೇ ಮೊದಲು ಅನ್ನುವ ಬಣದಲ್ಲಿ ಹುಟ್ಟಿದ ಟ್ರಿಸ್ ಧೈರ್ಯಶಾಲಿಗಳ ಬಣ ಸೇರುತ್ತಾಳೆ, ಅಣ್ಣ ಕೇಲಬ್ ಬುದ್ಧಿವಂತರ ಬಣ ಸೇರುತ್ತಾನೆ. ಎರಡನೇ ಪುಸ್ತಕದಲ್ಲಿ ಅವನು ಶತ್ರುಗಳ ಕಡೆ ನಿಂತು ಒಡಹುಟ್ಟಿದವಳಿಗೇ ಎರಡು ಬಗೆಯುತ್ತಾನೆ. ಮೂರನೆಯದರಲ್ಲಿ ಆಯುಧಗಳ ಲ್ಯಾಬಿಗೆ ಯಾರಾದರೂ ನುಗ್ಗಬೇಕು, ಬಾಗಿಲಲ್ಲೇ ಪ್ರಾಣ ತೆಗೆಯುವ ಸೀರಮ್ ಇದೆ. ಕೇಲಬ್ ಹೋಗುತ್ತೇನೆ ಅನ್ನುತ್ತಾನೆ. ಕೊನೇ ಗಳಿಗೆಯಲ್ಲಿ ಟ್ರಿಸ್ ಅವನನ್ನು ತಡೆದು ತಾನೇ ಹೋಗುತ್ತಾಳೆ. ಸೀರಮ್ ಅವಳನ್ನು ಕೊಲ್ಲುವುದಿಲ್ಲ. ಒಳಗೆ ಕಾದಿದ್ದ ಡೇವಿಡ್‌ನ, ಅಂದರೆ ಆ ಲ್ಯಾಬ್ ನಡೆಸುವವರ ಮುಖ್ಯಸ್ಥನ, ಗುಂಡು ಕೊಲ್ಲುತ್ತದೆ. ಕೇಲಬ್ ಬದುಕುತ್ತಾನೆ.

ಈಗ ನಿಮ್ಮ ಗೆಳತಿಯ ಜಾಗದಲ್ಲಿ ಕೂತು ಇದನ್ನು ಇನ್ನೊಮ್ಮೆ ಓದಿ. ಮನೆಗೆ ಮೋಸ ಮಾಡಿದವನು ಅಣ್ಣ. ಅವನು ತೆರಬೇಕಾದದ್ದನ್ನು ತೆತ್ತವಳು ತಂಗಿ. ಆಮೇಲೆ ಊರೆಲ್ಲ ‘ಎಂಥ ತ್ಯಾಗ’ ಅಂತ ತಂಗಿಯನ್ನು ಹೊಗಳುತ್ತದೆ. ಅಪ್ಪನ ಔಷಧಿ, ಫಿಸಿಯೋಥೆರಪಿ, ತಿಂಗಳ ಕೊನೆಯ ಲೆಕ್ಕ ನೋಡಿಕೊಳ್ಳುತ್ತಿರುವ ಹುಡುಗಿಗೆ ಈ ಹೊಗಳಿಕೆ ಎಷ್ಟು ಅಗ್ಗದ್ದು ಅಂತ ಚೆನ್ನಾಗಿ ಗೊತ್ತು. “ಇಂಥ ಮಗಳು ಸಿಗಬೇಕಾದರೆ ಪುಣ್ಯ ಮಾಡಿರಬೇಕು” ಅಂತ ಬಂದ ನೆಂಟರೆಲ್ಲ ಹೇಳಿಯೇ ಇರುತ್ತಾರೆ. ಕಾಫಿ ಕುಡಿದು ಹೊರಟೂ ಹೋಗಿರುತ್ತಾರೆ. ಹಾಗಾಗಿ ಕೇಲಬ್ ಹೋಗಬೇಕಿತ್ತು ಅಂತ ಅವಳು ಹೇಳಿದರೆ ಅದು ಸಿಟ್ಟಿಗೆ ಕಣ್ಣು ಕತ್ತಲೆ ಬಂದು ಹೇಳಿದ್ದಲ್ಲ. ನಾವು ಓದುವಾಗ ಅನುಕೂಲವಾಗಿ ದಾಟಿಬಿಡುವ ಪುಟದಲ್ಲಿ ಅವಳು ನಿಂತು ನೋಡಿದ್ದಾಳೆ.

ನಿಮ್ಮ ವಾದವೂ ಸುಳ್ಳಲ್ಲ. ಟ್ರಿಸ್ ಸಾಯಲೆಂದು ಹೋದವಳಲ್ಲ, ಉಳಿದರೂ ಉಳಿದೇನು ಅಂತ ಹೋದವಳು. ಅಣ್ಣ ಪ್ರೀತಿಯಿಂದ ಹೋಗುತ್ತಿದ್ದಾನೋ ಪಾಪಪ್ರಜ್ಞೆಯಿಂದಲೋ ಅನ್ನುವುದು ಅವಳಿಗೆ ಖಾತ್ರಿಯಿಲ್ಲ. ಖಾತ್ರಿಯಿಲ್ಲದವನನ್ನು ಸಾಯಲು ಕಳಿಸಲು ಮನಸ್ಸು ಒಪ್ಪುವುದಿಲ್ಲ. ಮೊದಲ ಪುಸ್ತಕದಲ್ಲೇ ಅಪ್ಪ ಅಮ್ಮ ಇಬ್ಬರೂ ಅವಳಿಗಾಗಿ ಪ್ರಾಣ ಬಿಟ್ಟಿರುತ್ತಾರೆ. ಅಲ್ಲಿಂದ ಇಲ್ಲಿಗೆ ಒಂದು ದಾರಿ ಇದೆ ಅಂತ ನೀವು ಹೇಳಿದರೆ ನಾನು ತಲೆಯಾಡಿಸುತ್ತೇನೆ. ಒಂದು ಮಾತು ಮಾತ್ರ, ಬೇಜಾರು ಮಾಡಿಕೊಳ್ಳಬೇಡಿ. ಅವಳು ಎಂಎಸ್ಸಿ ಸೀಟು ಬಿಟ್ಟಳು, ನೀವು ಎಂಎಸ್ಸಿ ಓದುತ್ತಿದ್ದೀರಿ. ಅದು ನಿಮ್ಮ ತಪ್ಪೇನಲ್ಲ. ಆದರೆ ತ್ಯಾಗ ಚೆಂದ ಅಂತ ಹೇಳುತ್ತಿರುವವರು ನೀವು, ಮಾಡಿ ಕೂತಿರುವವಳು ಅವಳು. ಅವಳು ತನ್ನ ಬದುಕಿನಿಂದ ಓದಿದಳು ಅಂತ ದೂರುತ್ತೀರಿ. ನೀವು ಮಾತ್ರ ಬರೀ ಪುಸ್ತಕದಿಂದ ಓದಿದಿರಾ?

ಪುತ್ತೂರಿನ ಕಡೆಯವರು ಅಂದಮೇಲೆ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಪಾತ್ರಗಳ ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿಯೇ ಇರುತ್ತೀರಿ. ವಾಲಿವಧೆಯಲ್ಲಿ ವಾಲಿಯ ಅರ್ಥ ಹೇಳುವವರು, ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಧರ್ಮ ಅಂತ ರಾಮನನ್ನು ಸುಲಭಕ್ಕೆ ಬಿಡುವುದಿಲ್ಲ. ಮಾತು ಎಷ್ಟೇ ಖಾರವಾದರೂ ಅದು ರಾಮನಿಗೆ ಹೇಳಿದ್ದು. ಎದುರು ಕೂತ ಅರ್ಥಧಾರಿಯ ಮನೆಯ ವಿಷಯ ಎತ್ತಿದರೆ ಕೇಳುತ್ತಿರುವ ಸಭೆಯೇ ಮುಖ ಸಿಂಡರಿಸುತ್ತದೆ. ಮೆಹಂದಿ ಮನೆಯಲ್ಲಿ ನೀವು ಮಾಡಿದ್ದು ಅದನ್ನೇ. ನಿಮ್ಮೊಬ್ಬರಿಗೆ ನಂಬಿ ಹೇಳಿದ್ದನ್ನು ಎಲ್ಲರೆದುರು ತೆಗೆದು, ವಾದ ಗೆಲ್ಲೋಕೆ ಬಳಸಿದಿರಿ. ಹೇಳಿದ್ದು ನಿಜವೇ ಅಲ್ವಾ ಅಂತ ಕೇಳಿದ್ದೀರಿ. ನಿಜವೇ ಇರಬಹುದು. ಸುಳ್ಳಾಗಿದ್ದರೆ ಅವಳು ಅಲ್ಲೇ ನಕ್ಕು ಎರಡು ಮಾತು ತಿರುಗಿ ಕೊಡುತ್ತಿದ್ದಳು.

ಹಾಗಂತ ಟ್ರಿಸ್ ವಿಷಯದಲ್ಲಿ ಸೋಲೊಪ್ಪಿಕೊಳ್ಳಬೇಕಿಲ್ಲ. ದಯವಿಟ್ಟು ಒಪ್ಪಿಕೊಳ್ಳಲೂಬೇಡಿ. “ಆಯ್ತು ಮಾರಾಯ್ತಿ, ಕೇಲಬ್ಬೇ ಸಾಯಬೇಕಿತ್ತು, ಈಗ ಮಾತಾಡು” ಅಂದರೆ ಅವಳಿಗೆ ಕರುಣೆ ತೋರಿಸಿದ ಹಾಗಿರುತ್ತದೆ. ಅದನ್ನು ಅವಳು ನೆಂಟರಿಂದಲೇ ಸಾಕಷ್ಟು ಉಂಡಿದ್ದಾಳೆ. ಕ್ಷಮೆ ಕೇಳಬೇಕಾದದ್ದು ಆ ಒಂದು ಮಾತಿಗೆ. “ಅಣ್ಣನ ವಿಷಯ ಅಲ್ಲಿ ಎತ್ತಬಾರದಿತ್ತು. ನೀನು ನನ್ನನ್ನ ನಂಬಿ ಹೇಳಿದ್ದು, ನಾನು ಎಲ್ಲರೆದುರು ಹೇಳಿದೆ. ತಪ್ಪಾಯ್ತು.” ಇಷ್ಟು ಸಾಕು. ‘ಆದರೆ’ ಅಂತ ಮುಂದುವರಿಸಬೇಡಿ. ‘ನಿನಗೆ ನೋವಾಗಿದ್ದರೆ’ ಅಂತಲೂ ಬೇಡ, ನೋವಾಗಿದೆ ಅಂತ ಇಬ್ಬರಿಗೂ ಗೊತ್ತಿದೆಯಲ್ಲ.

ಮೆಸೇಜಿಗಿಂತ ಮನೆಗೆ ಹೋಗುವುದು ಒಳ್ಳೆಯದು. ಶನಿವಾರ ಊರಿಗೆ ಬಂದಾಗ ಹೋಗಿ. ಅವಳ ಅಪ್ಪನನ್ನು ಮಾತಾಡಿಸಿ, ಅಮ್ಮ ಕೊಟ್ಟದ್ದನ್ನು ತಿನ್ನಿ, ಅವಳೊಬ್ಬಳೇ ಸಿಕ್ಕಾಗ ಹೇಳಿ. ಅಪ್ಪ ಅಮ್ಮನ ಎದುರು ಅಣ್ಣನ ಹೆಸರು ತೆಗೆದು ಕ್ಷಮೆ ಕೇಳೋಕೆ ಹೋಗಬೇಡಿ, ಅದು ಇನ್ನೊಂದು ಅನಾಹುತ! ಅಂದು ಅಲ್ಲಿ ಕೂತಿದ್ದ ಗೆಳತಿಯರಿಗೂ ಒಂದು ಮಾತು ಹೇಳಿಡಿ, ನಾನು ಆಡಿದ್ದು ಸರಿಯಿರಲಿಲ್ಲ, ಅವಳ ಮನೆಯ ವಿಷಯ ಮುಂದೆ ಹಬ್ಬಿಸಬೇಡಿ ಅಂತ. ನಿಮ್ಮ ಗೆಳತಿಗೆ ಒಳಗೊಳಗೇ ಚುಚ್ಚುತ್ತಿರುವುದು ನಿಮ್ಮ ಮಾತಿಗಿಂತ ಅವರು ಏನಂದುಕೊಂಡರೋ ಅನ್ನುವುದೇ ಇದ್ದೀತು. ಇಷ್ಟಾದ ಮೇಲೂ ಅವಳು ಸ್ವಲ್ಪ ದಿನ ದೂರವೇ ಇದ್ದರೆ ಇರಲಿ ಬಿಡಿ. ದಿನಾ ಮೆಸೇಜ್ ಹಾಕಿ ಪೀಡಿಸಬೇಡಿ.

ಅವಳು ಮತ್ತೆ ವಾದಕ್ಕೆ ಕೂತ ದಿನ ಒಂದು ಪಾಯಿಂಟಿಗೆ ತಯಾರಾಗಿರಿ. 2016ರ ‘ಅಲೀಜಿಯಂಟ್’ ಸಿನಿಮಾ ಪುಸ್ತಕದ ಕೊನೆಯವರೆಗೆ ಹೋಗಲಿಲ್ಲ, ಮುಂದಿನ ಸಿನಿಮಾ ಬರಲೇ ಇಲ್ಲ. ತೆರೆಯ ಮೇಲೆ ಟ್ರಿಸ್ ಇನ್ನೂ ಬದುಕಿದ್ದಾಳೆ. ಅವಳ ಪಕ್ಷದವರು ಇದನ್ನು ಬಿಡುವ ಪೈಕಿ ಅಲ್ಲ. ನೀವು ಬೇಕಾದರೆ ‘ಅಲೀಜಿಯಂಟ್’ ಪುಸ್ತಕದ ಅಧ್ಯಾಯಗಳನ್ನೇ ತೋರಿಸಿ. ಮೊದಲ ಎರಡು ಪುಸ್ತಕದಲ್ಲಿ ಕಥೆ ಹೇಳುವವಳು ಟ್ರಿಸ್ ಒಬ್ಬಳೇ. ಮೂರನೆಯದರಲ್ಲಿ ಅವಳ ಪ್ರಿಯಕರ ಟೋಬಯಾಸ್ ಕೂಡ ಹೇಳೋಕೆ ಶುರು ಮಾಡುತ್ತಾನೆ. ಅವಳ ನಂತರವೂ ಕಥೆ ಹೇಳೋಕೆ ಒಬ್ಬ ಬೇಕು ಅಂತ ರಾತ್ ಮೊದಲ ಪುಟಗಳಿಂದಲೇ ಏರ್ಪಾಡು ಮಾಡಿಕೊಂಡಿದ್ದಾರೆ ಅಂತ ವಾದಿಸಬಹುದು.

ನನ್ನ ಮತ ಎಲ್ಲಿ ಅಂತ ಕೇಳಿದರೆ, ಅರ್ಧ ನಿಮಗೆ, ಅರ್ಧ ಅವಳಿಗೆ. ಕೇಲಬ್‌ನನ್ನು ತಡೆದು ಟ್ರಿಸ್ ಹೋದದ್ದು ನನಗೆ ಒಪ್ಪಿಗೆ. ಆದರೆ ಪ್ರಾಣ ತೆಗೆಯುವ ಸೀರಮ್ಮನ್ನೇ ಗೆದ್ದು ಬಂದವಳನ್ನು ಒಳಗೆ ಪಿಸ್ತೂಲು ಹಿಡಿದು ಗಾಲಿಕುರ್ಚಿಯಲ್ಲಿ ಕೂತವನ ಕೈಗೆ ಕೊಟ್ಟದ್ದು ನನಗೆ ಇವತ್ತಿಗೂ ಗಂಟಲಲ್ಲಿ ಇಳಿದಿಲ್ಲ. ಆ ಡೇವಿಡ್ ಬಗ್ಗೆ ನಿಮ್ಮಿಬ್ಬರಲ್ಲಿ ಯಾರಿಗಾದರೂ ಒಳ್ಳೆಯ ಸಮರ್ಥನೆ ಹೊಳೆದರೆ ನನಗೊಂದು ಕಾಗದ ಹಾಕಿ.