ಮನವಿ ಓದಿದ ಮಾತ್ರಕ್ಕೆ ಆಸ್ಪತ್ರೆ ಉಳಿಯುತ್ತದಾ?

ನೀವು ಕೇಳಿದ್ದು ಇದು: ಕೆನಡಾದ ಒಂಟಾರಿಯೊ ಪ್ರಾಂತದ ಸಣ್ಣ ಊರಲ್ಲಿದ್ದೀರಿ, ಅಲ್ಲಿನ ಆಸ್ಪತ್ರೆ ಮುಚ್ಚುವ ಮಾತು ಎದ್ದಿದೆ. ಊರವರೆಲ್ಲ ಸಹಿ ಹಾಕಿದ ಮನವಿಯನ್ನು ನಿಮ್ಮ ಶಾಸಕರು ಟೊರಾಂಟೊದ ಶಾಸನಸಭೆಯಲ್ಲಿ ಓದಿದ್ದಾರೆ. ಇದರಿಂದ ನಿಜವಾಗಿ ಏನಾದರೂ ಆಗುತ್ತದಾ, ಇಲ್ಲಾ ಕಡತಕ್ಕೆ ಸೇರಿ ಅಲ್ಲಿಗೇ ಮುಗಿಯುತ್ತದಾ?

ಅದೊಂದರಿಂದಲೇ ಆಸ್ಪತ್ರೆ ಉಳಿಯುವುದಿಲ್ಲ. ಹಾಗಂತ ನೀವು ಮಾಡಿದ ಕೆಲಸ ವ್ಯರ್ಥವೂ ಅಲ್ಲ. ಸಹಿ ಸಂಗ್ರಹಿಸಿದವರಿಗೆ ಮುಂದೆ ಏನು ಮಾಡಬೇಕು ಅಂತ ಗೊತ್ತಿರಬೇಕು, ಅಷ್ಟೇ. ಇದನ್ನು ನಾನು ಕಲಿತದ್ದು ನಮ್ಮ ಮನೆಯ ಹತ್ತಿರದ ಒಂದು ಆಸ್ಪತ್ರೆಯ ಕಥೆಯಿಂದ.

2004ರಿಂದ ನಾನು ಒಟ್ಟಾವಾದ ಪೂರ್ವಭಾಗದಲ್ಲಿದ್ದೇನೆ. ಮಾಂಟ್ರಿಯಲ್ ರಸ್ತೆ ಹಿಡಿದು ಹೋದರೆ ಮಾಂಟ್‌ಫೋರ್ಟ್ ಆಸ್ಪತ್ರೆ ಸಿಗುತ್ತದೆ. 1953ರಲ್ಲಿ ಕ್ರೈಸ್ತ ಸನ್ಯಾಸಿನಿಯರು ಶುರು ಮಾಡಿದ ಆಸ್ಪತ್ರೆ ಅದು. ಇಲ್ಲಿ ಡಾಕ್ಟರು, ನರ್ಸು, ಲ್ಯಾಬಿನವರು, ಊಟ ತಂದುಕೊಡುವವರು, ಎಲ್ಲರೂ ಫ್ರೆಂಚ್‌ನಲ್ಲೇ ಕೆಲಸ ಮಾಡುತ್ತಾರೆ. ಇಂಗ್ಲಿಷ್‌ನವರನ್ನೂ ನೋಡಿಕೊಳ್ಳುತ್ತಾರೆ, ನನ್ನನ್ನೂ ನೋಡಿಕೊಂಡಿದ್ದಾರೆ. ಆದರೆ ಅಲ್ಲಿನ ನಿತ್ಯದ ಮಾತು ಫ್ರೆಂಚ್. ಲಕ್ಷಗಟ್ಟಲೆ ಫ್ರೆಂಚ್ ಮಾತಾಡುವವರಿರುವ ಒಂಟಾರಿಯೊ ಪ್ರಾಂತದಲ್ಲಿ, 1997ರಲ್ಲಿ ಎಲ್ಲ ಬಗೆಯ ಚಿಕಿತ್ಸೆಯೂ ದಿನವಿಡೀ ಫ್ರೆಂಚ್‌ನಲ್ಲೇ ಸಿಗುತ್ತಿದ್ದ ಆಸ್ಪತ್ರೆ ಇದೊಂದೇ.

ಆ ವರ್ಷ ಫೆಬ್ರವರಿ 24ರಂದು ಆಸ್ಪತ್ರೆಗಳ ಪುನರ್ರಚನೆಗೆಂದು ನೇಮಿಸಿದ್ದ ಆಯೋಗವೊಂದು ಮಾಂಟ್‌ಫೋರ್ಟ್ ಮುಚ್ಚಬೇಕೆಂದು ಹೇಳಿತು. ಆಗ ಮೈಕ್ ಹ್ಯಾರಿಸ್ ಪ್ರಾಂತದ ಮುಖ್ಯಮಂತ್ರಿ. ಖರ್ಚು ಕಡಿತ ಮಾಡುತ್ತೇವೆ ಅಂತಲೇ 1995ರಲ್ಲಿ ಗೆದ್ದು ಬಂದವರು, 130 ಸ್ಥಾನಗಳಲ್ಲಿ 82 ಅವರ ಪಕ್ಷದ್ದು. 1996ರ ಜನವರಿಯಲ್ಲಿ ಒಂದು ದೊಡ್ಡ ಮಸೂದೆ ಪಾಸು ಮಾಡಿ, ಯಾವ ಆಸ್ಪತ್ರೆ ಇರಬೇಕು, ಯಾವುದು ಇನ್ನೊಂದರ ಜೊತೆ ಸೇರಬೇಕು, ಯಾವುದು ಮುಚ್ಚಬೇಕು ಎಂದು ನಿರ್ಧರಿಸುವ ಅಧಿಕಾರವನ್ನು ಈ ಆಯೋಗಕ್ಕೆ ಕೊಟ್ಟಿದ್ದರು. ಡಂಕನ್ ಸಿಂಕ್ಲೇರ್ ಅದರ ಅಧ್ಯಕ್ಷರು. ಆಯೋಗ ಕೊಡುವುದು ಸಲಹೆಯಲ್ಲ, ಆದೇಶ.

ನಿಮ್ಮ ಪ್ರಶ್ನೆಗೆ ಇದು ನೇರವಾಗಿ ಸಂಬಂಧಿಸಿದ್ದು. ಇಂಥ ಏರ್ಪಾಡಿನಲ್ಲಿ ವಿರೋಧ ಪಕ್ಷದವರು ಸದನದಲ್ಲಿ ಎದ್ದು ನಿಂತು ಕೇಳಿದರೆ ಮಂತ್ರಿಗಳು ಕೊಡುವ ಉತ್ತರ ಒಂದೇ: ತೀರ್ಮಾನ ನಮ್ಮದಲ್ಲ, ಸ್ವತಂತ್ರ ಆಯೋಗದ್ದು. ಒಟ್ಟಾವಾ ಕಡೆಯ ಶಾಸಕರು ಸುಮ್ಮನೆ ಕೂತಿರಲಿಲ್ಲ. ಬರ್ನಾರ್ಡ್ ಗ್ರಾಂಡ್‌ಮೇತ್ರ್, ಜಾಂ-ಮಾರ್ಕ್ ಲಲೋಂಡ್ ಮುಂತಾದವರು ವಿಷಯವನ್ನು ಸದನಕ್ಕೆ ಒಯ್ದರು. ಆದರೆ 82 ಜನರ ಬಹುಮತದೆದುರು ಮನವಿ ಎಷ್ಟು ತೂಗುತ್ತದೆ ಹೇಳಿ? ಇಲ್ಲಿ ಸರ್ಕಾರದ ಪಕ್ಷದ ಶಾಸಕರು ಪಕ್ಷದ ಗೆರೆ ದಾಟುವುದು ಬಹಳ ಅಪರೂಪ.

ಹಾಗಾದರೆ ಜನ ಏನು ಮಾಡಿದರು?

ಜೀಸೆಲ್ ಲಲೋಂಡ್ ಎಂಬ ಮಹಿಳೆ ಮುಂದೆ ಬಂದರು. ಆಸ್ಪತ್ರೆಯ ಪಕ್ಕದ ವ್ಯಾನಿಯೇ ಪಟ್ಟಣಕ್ಕೆ ಮೇಯರ್ ಆಗಿದ್ದವರು, 2022ರಲ್ಲಿ ತೀರಿಕೊಂಡರು. ಅವರ ನೇತೃತ್ವದಲ್ಲಿ ಎಸ್‌ಒಎಸ್ ಮಾಂಟ್‌ಫೋರ್ಟ್ ಎಂಬ ಹೋರಾಟ ಕಟ್ಟಿಕೊಂಡಿತು. ಆಯೋಗದ ಘೋಷಣೆಯಾಗಿ ತಿಂಗಳು ತುಂಬುವುದರೊಳಗೆ, ಮಾರ್ಚ್ 22ರಂದು, ಒಟ್ಟಾವಾದ ಸಿವಿಕ್ ಸೆಂಟರ್‌ನಲ್ಲಿ ಸುಮಾರು 10,000 ಜನ ಸೇರಿದರು. ನಮ್ಮ ಪಕ್ಕದ ಮನೆಯ ಅಜ್ಜಿ ಅವತ್ತು ಅಲ್ಲಿದ್ದವರು, ನಿವೃತ್ತ ಶಾಲಾ ಶಿಕ್ಷಕಿ. "ನಮ್ಮ ಬೀದಿಯ ಅರ್ಧ ಮನೆಗೆ ಬೀಗ ಬಿದ್ದಿತ್ತು" ಅಂತ ಈಗಲೂ ಹೇಳುತ್ತಾರೆ. ಅಷ್ಟು ಜನ ಬಂದದ್ದು ಬರೀ ಆಸ್ಪತ್ರೆಯ ಹಾಸಿಗೆಗಳಿಗಾಗಿ ಅಲ್ಲ ಅನ್ನುವುದನ್ನೂ ಅವರೇ ನನಗೆ ಬಿಡಿಸಿ ಹೇಳಿದರು.

1912ರಲ್ಲಿ ಇದೇ ಪ್ರಾಂತದ ಸರ್ಕಾರ ಹದಿನೇಳನೇ ನಿಯಮ ಅಂತ ಒಂದನ್ನು ತಂದು, ಶಾಲೆಗಳಲ್ಲಿ ಮೊದಲ ಎರಡು ವರ್ಷ ದಾಟಿದ ಮೇಲೆ ಫ್ರೆಂಚ್‌ನಲ್ಲಿ ಕಲಿಸುವುದಕ್ಕೆ ಕಡಿವಾಣ ಹಾಕಿತ್ತು. ಒಟ್ಟಾವಾದ ಗೀಗ್ ಶಾಲೆಯಲ್ಲಿ ದೆಲೋಜ್ ಎಂಬ ಇಬ್ಬರು ಅಕ್ಕತಂಗಿಯರು ಅದನ್ನು ಧಿಕ್ಕರಿಸಿ ಪಾಠ ಮಾಡಿದರು. 1916ರಲ್ಲಿ ಅವರನ್ನು ಹೊರಹಾಕಲು ಬಂದವರನ್ನು ಮಕ್ಕಳ ತಾಯಂದಿರು ಅಡ್ಡಗಟ್ಟಿ ನಿಂತರು. ಕೈಯಲ್ಲಿದ್ದ ಆಯುಧ ಟೋಪಿಗೆ ಚುಚ್ಚಿಕೊಳ್ಳುವ ಉದ್ದನೆಯ ಪಿನ್ನುಗಳು. ಆ ನಿಯಮ ಸಡಿಲವಾಗಲು 1927 ಬರಬೇಕಾಯಿತು. ಅಜ್ಜಿಯ ತಾಯಿಗೆ ಆ ದಿನಗಳ ನೆನಪಿತ್ತಂತೆ. ಹಾಗಾಗಿ 1997ರಲ್ಲಿ "ನಿಮ್ಮ ಆಸ್ಪತ್ರೆ ಮುಚ್ಚುತ್ತೇವೆ, ಬೇರೆ ಆಸ್ಪತ್ರೆಗಳಲ್ಲಿ ಎರಡೂ ಭಾಷೆಯ ಸೇವೆ ಇರುತ್ತದೆ" ಎಂದಾಗ ಇವರಿಗೆ ಕೇಳಿಸಿದ್ದು ಹಳೆಯ ದನಿಯೇ.

ಎರಡೂ ಭಾಷೆ ಇರುತ್ತದೆಂದರೆ ಸಾಲದೇ ಅಂತ ನನಗೂ ಒಂದು ಕಾಲದಲ್ಲಿ ಅನ್ನಿಸಿತ್ತು. ಅಮ್ಮ ಹಾಸನದಿಂದ ಬಂದಿದ್ದಾಗ ಒಂದು ರಾತ್ರಿ ಅವಳನ್ನು ತುರ್ತು ಚಿಕಿತ್ಸೆಗೆ ಕರೆದುಕೊಂಡು ಹೋಗಬೇಕಾಯಿತು, ಬೇರೊಂದು ಊರಿನ ಆಸ್ಪತ್ರೆಗೆ. ನೋವು ಒಂದರಿಂದ ಹತ್ತರಲ್ಲಿ ಎಷ್ಟು ಅಂತ ಡಾಕ್ಟರು ಕೇಳಿದರು. "ನೋವಲ್ಲ ಕಣೇ, ಸಂಕಟ" ಅಂದಳು ಅಮ್ಮ. ಸಂಕಟವನ್ನು ನಾನು ಏನೆಂದು ಹೇಳಲಿ? ವಾಂತಿ ಬಂದ ಹಾಗಾಗುತ್ತಿದೆ ಅಂತ ಇಂಗ್ಲಿಷಿನಲ್ಲಿ ಹೇಳಿದೆ. "ಅದಲ್ಲ, ಎದೆಯೊಳಗೆ ಏನೋ ಹಿಂಡುತ್ತೆ, ಜೀವ ತಡೀತಿಲ್ಲ" ಅಂದಳು. ಎದೆ ಅನ್ನುವ ಮಾತನ್ನು ನಾನು ಹೇಳಿದ ಮೇಲೆ ಅವರ ಓಡಾಟವೇ ಬದಲಾಯಿತು. ದೇವರ ದಯೆ, ಅಮ್ಮ ಚೇತರಿಸಿಕೊಂಡಳು. ನಮಗೆ ಇಲ್ಲಿ ಕನ್ನಡದ ಆಸ್ಪತ್ರೆ ಕೇಳುವ ಹಕ್ಕಿಲ್ಲ, ಅದು ಬೇರೆ ವಿಷಯ. ಆದರೆ ಫ್ರೆಂಚರು ಈ ದೇಶ ಕಟ್ಟಿದ ಎರಡು ಭಾಷೆಯ ಜನರಲ್ಲಿ ಒಬ್ಬರು. ಕಾಯಿಲೆ ಬಿದ್ದು ನರಳುವಾಗ ಬಾಯಿಗೆ ಬರುವುದು ಮನೆಯ ಮಾತೇ. ಅದನ್ನು ಕೇಳಿಸಿಕೊಳ್ಳುವ ಕಿವಿ ಎದುರಿಗೇ ಇದ್ದರೆ ಎಷ್ಟು ವ್ಯತ್ಯಾಸ ಅಂತ ಆ ರಾತ್ರಿ ನನಗೆ ಅರ್ಥವಾಯಿತು.

ಇನ್ನೊಂದು ಸಂಗತಿಯನ್ನು ಹೋರಾಟಗಾರರು ಮೊದಲೇ ಕಂಡುಕೊಂಡಿದ್ದರು. ಮಾಂಟ್‌ಫೋರ್ಟ್ ಬರೀ ಆಸ್ಪತ್ರೆಯಲ್ಲ, ಫ್ರೆಂಚ್‌ನಲ್ಲಿ ವೈದ್ಯಕೀಯ ಕಲಿಯುವವರಿಗೆ ಪ್ರಾಂತದಲ್ಲಿದ್ದ ತರಬೇತಿಯ ಜಾಗ. ಒಟ್ಟಾವಾ ವಿಶ್ವವಿದ್ಯಾಲಯದಿಂದ ವಿದ್ಯಾರ್ಥಿಗಳು ಇಲ್ಲಿಗೆ ಬರುತ್ತಿದ್ದರು. ಅದು ಹೋದರೆ ಮುಂದಿನ ತಲೆಮಾರಿಗೆ ಫ್ರೆಂಚ್ ಬಲ್ಲ ಡಾಕ್ಟರು, ನರ್ಸುಗಳು ಬರುವುದೆಲ್ಲಿಂದ?

ಜನರ ಒತ್ತಡ ಸ್ವಲ್ಪ ಕೆಲಸ ಮಾಡಿತು. ಅದೇ ವರ್ಷ ಆಗಸ್ಟ್‌ನಲ್ಲಿ ಆಯೋಗ ಮುಚ್ಚುವ ಮಾತು ಬಿಟ್ಟು, ಆಸ್ಪತ್ರೆ ಇರಲಿ, ಆದರೆ ಸೇವೆಗಳನ್ನು ಬಹುಪಾಲು ಕತ್ತರಿಸಿ ಎಂದು ಆದೇಶಿಸಿತು. ಬೋರ್ಡು ಉಳಿಯುತ್ತಿತ್ತು, ಒಳಗೆ ಆಸ್ಪತ್ರೆ ಉಳಿಯುತ್ತಿರಲಿಲ್ಲ. ಬಹಳ ಹೋರಾಟಗಳು ಸೋಲುವುದು ಇಂಥ ಹಂತದಲ್ಲೇ. ಅರ್ಧ ಸಿಕ್ಕಿತಲ್ಲ ಅಂತ ಜನ ಮನೆಗೆ ಹೋಗಿಬಿಡುತ್ತಾರೆ. ಇವರು ಹೋಗಲಿಲ್ಲ, ಕೋರ್ಟಿಗೆ ಹೋದರು.

ಕೋರ್ಟಿಗೆ ಹೋದವರೆಲ್ಲ ಗೆದ್ದಿರಲಿಲ್ಲ, ಇದನ್ನು ಮರೆಯಬೇಡಿ. ಟೊರಾಂಟೊದ ವೆಲ್ಲೆಸ್ಲಿ ಆಸ್ಪತ್ರೆ ಸೋತಿತು. ಪೆಂಬ್ರೋಕ್ ಪಟ್ಟಣದ ಸಿವಿಕ್ ಆಸ್ಪತ್ರೆಯೂ 1997ರಲ್ಲೇ ಸೋತಿತು. ಯಾವ ಆಸ್ಪತ್ರೆ ಬೇಕು, ಯಾವುದು ಬೇಡ ಎನ್ನುವುದು ಸರ್ಕಾರದ ವಿವೇಚನೆ, ಅದರ ಒಳಿತು ಕೆಡುಕನ್ನು ನ್ಯಾಯಾಲಯ ತೂಗುವುದಿಲ್ಲ ಎನ್ನುವುದೇ ಸಾಮಾನ್ಯ ನಿಲುವು. ಒಟ್ಟಾವಾದಲ್ಲೇ ಸಾಲ್ವೇಶನ್ ಆರ್ಮಿಯ ಗ್ರೇಸ್ ಆಸ್ಪತ್ರೆ ಬಾಗಿಲು ಹಾಕಿತು. ಆ ಊರುಗಳಲ್ಲೂ ಜನ ಅತ್ತಿದ್ದರು, ಸಹಿ ಹಾಕಿದ್ದರು.

ಮಾಂಟ್‌ಫೋರ್ಟ್ ಗೆದ್ದದ್ದು ಯಾಕೆಂದರೆ ಅದರ ಕೈಯಲ್ಲಿ ಒಂದು ಕಾನೂನಿತ್ತು. 1986ರಲ್ಲಿ ಇದೇ ಶಾಸನಸಭೆ ಫ್ರೆಂಚ್ ಭಾಷಾ ಸೇವೆಗಳ ಕಾಯಿದೆಯನ್ನು ಒಮ್ಮತದಿಂದ ಪಾಸು ಮಾಡಿತ್ತು. ಅದನ್ನು ಮಂಡಿಸಿದ್ದು ಬೇರೆ ಯಾರೂ ಅಲ್ಲ, ಆಗ ಮಂತ್ರಿಯಾಗಿದ್ದ ಅದೇ ಗ್ರಾಂಡ್‌ಮೇತ್ರ್. ಆ ಕಾಯಿದೆಯಡಿ ಗೊತ್ತುಪಡಿಸಿದ ಸಂಸ್ಥೆಗಳಲ್ಲಿ ಮಾಂಟ್‌ಫೋರ್ಟ್ ಸೇರಿತ್ತು. ಅಂದರೆ ಅಲ್ಲಿನ ಫ್ರೆಂಚ್ ಸೇವೆಯನ್ನು ಕಡಿತ ಮಾಡಬೇಕಾದರೆ ಅದು ಸಕಾರಣವೂ ಅನಿವಾರ್ಯವೂ ಆಗಿದೆ, ಬೇರೆಲ್ಲ ದಾರಿಯನ್ನೂ ನೋಡಿಯಾಗಿದೆ ಎಂದು ತೋರಿಸಬೇಕು. ಸದನದಲ್ಲಿ 1997ರಲ್ಲಿ ಗ್ರಾಂಡ್‌ಮೇತ್ರ್ ಅವರ ಮಾತು ನಡೆಯಲಿಲ್ಲ, ಹನ್ನೊಂದು ವರ್ಷ ಹಿಂದೆ ಅವರು ಬರೆಸಿಟ್ಟದ್ದು ನಡೆಯಿತು. ಈ ಕಥೆಯಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಇದೇ.

ವಕೀಲ ರೊನಾಲ್ಡ್ ಕಾಜಾ ಅವರ ತಂಡ ವಾದಿಸಿತು. ಸಮಾಜಶಾಸ್ತ್ರಜ್ಞ ರೋಜೆ ಬೆರ್ನಾರ್, ಇಂಥ ಸಂಸ್ಥೆಯೊಂದು ಹೋದರೆ ಭಾಷಾ ಸಮುದಾಯ ಹೇಗೆ ಕರಗುತ್ತದೆ ಎಂದು ಸಾಕ್ಷ್ಯ ಕೊಟ್ಟರು. ನೋಡಿ, ಬೀದಿಯಲ್ಲಿ ಹತ್ತು ಸಾವಿರ ಜನ ಕೂಗಿದ್ದನ್ನು ಕಾಗದಕ್ಕೆ ಇಳಿಸಿ, ಪ್ರಮಾಣ ಮಾಡಿ, ನ್ಯಾಯಾಧೀಶರ ಮುಂದೆ ಇಟ್ಟರು. 1999ರ ನವೆಂಬರ್ 29ರಂದು ಮೂವರು ನ್ಯಾಯಾಧೀಶರು ಒಮ್ಮತದಿಂದ ಆಯೋಗದ ಆದೇಶವನ್ನು ರದ್ದು ಮಾಡಿದರು. ಸರ್ಕಾರ ಮೇಲ್ಮನವಿ ಹೋಯಿತು. 2001ರ ಡಿಸೆಂಬರ್ 7ರಂದು ಒಂಟಾರಿಯೊದ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಅಲ್ಪಸಂಖ್ಯಾತರ ರಕ್ಷಣೆ ಸಂವಿಧಾನದ ಅಲಿಖಿತ ತತ್ವಗಳಲ್ಲೊಂದು, ಅದನ್ನು ಆಯೋಗ ಗಮನಕ್ಕೇ ತಂದುಕೊಂಡಿಲ್ಲ. ಆಡಳಿತಕ್ಕೆ ಅನುಕೂಲ, ದುಡ್ಡಿಗೆ ಕಷ್ಟ ಎಂದು ಮೇಲೆ ಮೇಲೆ ಹೇಳಿದರೆ 1986ರ ಕಾಯಿದೆಗೆ ಅದು ಉತ್ತರವಾಗದು ಎಂದಿತು. 2002ರ ಫೆಬ್ರವರಿಯಲ್ಲಿ ಸರ್ಕಾರ ಇನ್ನು ಮುಂದಕ್ಕೆ ಹೋಗುವುದಿಲ್ಲ ಎಂದು ಘೋಷಿಸಿತು. ಐದು ವರ್ಷ ಹಿಡಿಯಿತು.

ಆಮೇಲೆ ಆಸ್ಪತ್ರೆ ಕುಗ್ಗಲಿಲ್ಲ, ಬೆಳೆಯಿತು. ಹೊಸ ಕಟ್ಟಡ ಎದ್ದು 2010ರ ಹೊತ್ತಿಗೆ ಅದರ ಅಳತೆ ಸುಮಾರು ಎರಡರಷ್ಟಾಯಿತು, 2013ರಲ್ಲಿ ಬೋಧನಾ ಆಸ್ಪತ್ರೆಯ ಮಾನ್ಯತೆಯೂ ಬಂತು.

ಈಗ ನಿಮ್ಮ ಊರಿನ ವಿಷಯ. ನಿಮಗೆ ಸುಳ್ಳು ಭರವಸೆ ಕೊಡಲು ನನಗೆ ಇಷ್ಟವಿಲ್ಲ. ಇದೇ ಪ್ರಾಂತದ ಮಿಂಡೆನ್ ಎಂಬ ಊರು ನಿಮಗೂ ಗೊತ್ತಿರಬಹುದು. 2023ರ ಏಪ್ರಿಲ್ 20ರಂದು ಅಲ್ಲಿನ ತುರ್ತು ಚಿಕಿತ್ಸಾ ವಿಭಾಗ ಮುಚ್ಚುವುದಾಗಿ ಹೇಳಿದರು, ಜೂನ್ 1ಕ್ಕೆ ಮುಚ್ಚಿಯೇಬಿಟ್ಟರು. ಆರು ವಾರ. ಸಹಿ ಸಂಗ್ರಹವಾಯಿತು, ಶಾಸನಸಭೆಯಲ್ಲಿ ಪ್ರಶ್ನೆ ಎದ್ದಿತು. ಸಿಬ್ಬಂದಿ ಇಲ್ಲ, ತೀರ್ಮಾನ ಆಸ್ಪತ್ರೆಯ ಮಂಡಳಿಯದ್ದು ಎಂಬ ಉತ್ತರ ಬಂತು. ಆಯೋಗದ ಜಾಗದಲ್ಲಿ ಈಗ ಮಂಡಳಿ ನಿಂತಿದೆ, ಅಷ್ಟೇ. ಬೇಸಿಗೆಯಲ್ಲಿ ಕೆರೆದಂಡೆಯ ಮನೆಗಳಿಗೆ ಜನ ತುಂಬಿ ಬರುವ ಊರದು. ಆ ಊರಿನವರ ಸಂಕಟ ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಆದ್ದರಿಂದ ಮೊದಲು ಒಂದು ವಿಚಾರಿಸಿ: ನಿಮ್ಮ ಆಸ್ಪತ್ರೆ ಫ್ರೆಂಚ್ ಸೇವೆಗಳ ಕಾಯಿದೆಯಡಿ ಗೊತ್ತುಪಡಿಸಿದ್ದಾ? ಉತ್ತರ ಮತ್ತು ಪೂರ್ವ ಒಂಟಾರಿಯೊದಲ್ಲಿ ಅಂಥವು ಹಲವಿವೆ. ಹೌದಾದರೆ ಮಾಂಟ್‌ಫೋರ್ಟ್ ತೀರ್ಪು ನಿಮಗೆ ನೇರವಾಗಿ ನೆರವಾಗುತ್ತದೆ, ನಿಮ್ಮ ಊರಿನ ಫ್ರೆಂಚ್ ಕುಟುಂಬಗಳ ಜೊತೆ ಇವತ್ತೇ ಕೂತು ಮಾತಾಡಿ. ಅಲ್ಲವಾದರೆ ಅಲಿಖಿತ ತತ್ವ ಒಂದನ್ನೇ ನಂಬಿ ವಕೀಲರಿಗೆ ದುಡ್ಡು ಸುರಿಯಬೇಡಿ. 2021ರಲ್ಲಿ ಟೊರಾಂಟೊ ನಗರಸಭೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಅಂಥ ತತ್ವಗಳನ್ನೇ ಹಿಡಿದು ಶಾಸನವನ್ನು ರದ್ದು ಮಾಡಲಾಗದು ಎಂದಿದೆ. ಮಾಂಟ್‌ಫೋರ್ಟ್‌ನಲ್ಲಿ ರದ್ದಾದದ್ದು ಶಾಸನವಲ್ಲ, ಆಡಳಿತದ ಆದೇಶ. ಈ ವ್ಯತ್ಯಾಸ ತಿಳಿದಿರಲಿ.

ಮನವಿಯ ಉಪಯೋಗ ಇರುವುದು ಬೇರೆ ಕಡೆ. ಸದನದಲ್ಲಿ ಮಂಡಿಸಿದ ಮನವಿಗೆ ಸರ್ಕಾರ ಲಿಖಿತ ಉತ್ತರ ಕೊಡಲೇಬೇಕು. "ನಮ್ಮ ಆಸ್ಪತ್ರೆ ಮುಚ್ಚಬೇಡಿ" ಎಂದಷ್ಟೇ ಬರೆದರೆ ಉತ್ತರವೂ ಅಷ್ಟೇ ಬೋಳಾಗಿ ಬರುತ್ತದೆ. ಮುಂದಿನ ಮನವಿಯಲ್ಲಿ ಇಷ್ಟನ್ನು ಬರೆಯಿಸಿ: ಮುಚ್ಚುವ ತೀರ್ಮಾನ ಯಾರದ್ದು, ಯಾವ ದಿನದ ಸಭೆಯಲ್ಲಿ ಆಯಿತು? ಮಂತ್ರಾಲಯಕ್ಕೆ ಯಾವಾಗ ತಿಳಿಸಿದರು? ಹತ್ತಿರದ ಆಸ್ಪತ್ರೆಗೆ ಜನವರಿಯ ಹಿಮದಲ್ಲಿ ಆಂಬುಲೆನ್ಸ್‌ಗೆ ಎಷ್ಟು ನಿಮಿಷ ಬೇಕೆಂದು ಯಾರಾದರೂ ಲೆಕ್ಕ ಹಾಕಿದ್ದಾರಾ? ಹಾಕಿದ್ದರೆ ಆ ವರದಿ ಎಲ್ಲಿದೆ? ಜೊತೆಗೆ, 2012ರಿಂದ ಒಂಟಾರಿಯೊದ ಆಸ್ಪತ್ರೆಗಳೂ ಮಾಹಿತಿ ಹಕ್ಕಿನ ಕಾನೂನಿಗೆ ಒಳಪಟ್ಟಿವೆ. ಮಂಡಳಿಯ ಕಡತಗಳನ್ನು ಕೇಳಿ ನೀವೇ ಅರ್ಜಿ ಹಾಕಬಹುದು. ಉತ್ತರ ಬರಲು ವಾರಗಳೇ ಹಿಡಿಯುತ್ತವೆ. ಮಿಂಡೆನ್‌ನವರಿಗೆ ಇದ್ದದ್ದು ಆರೇ ವಾರ, ಹಾಗಾಗಿ ಮುಚ್ಚುವ ದಿನಾಂಕ ಹೊರಬೀಳುವ ತನಕ ಕಾಯದೆ ಈ ವಾರವೇ ಅರ್ಜಿ ಹಾಕಿ.